ದಾರ, ಟೇಪು, ಪಾನಾ ಇದ್ದರೆ ಮನೆಯಲ್ಲೇ ವೀಲ್ ಅಲೈನ್‌ಮೆಂಟ್ ಮಾಡಬಹುದಾ?

ಪ್ರಶ್ನೆ (ಶಿರಸಿ ಕಡೆಯಿಂದ): ನಮ್ಮದು ಹಳೆ ವ್ಯಾಗನ್ ಆರ್. ನಾಲ್ಕು ತಿಂಗಳ ಹಿಂದೆ ಎಡಗಡೆ ಟೈ ರಾಡ್ ಎಂಡ್ (ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ರಾಡಿನ ತುದಿಯ ಜಾಯಿಂಟ್) ಹೋಗಿತ್ತು, ಊರಲ್ಲೇ ಹೊಸದು ಹಾಕಿಸಿದೆ. ಅಲೈನ್‌ಮೆಂಟ್ ಮಾಡಿಸಿಬಿಡಿ ಅಂದಿದ್ದರು, ಅಡಿಕೆ ಕೊನೆ ಕೊಯ್ಲು, ಅದು ಇದು ಅಂತ ಮುಂದೆ ಹೋಯಿತು. ಈಗ ಗಾಡಿ ನೇರ ಹೋಗುವಾಗಲೂ ಸ್ಟೀರಿಂಗ್ ಬಲಕ್ಕೆ ವಾಲಿರುತ್ತದೆ, ಮುಂದಿನ ಎರಡೂ ಟೈರ್ ಒಳಅಂಚಿನಲ್ಲಿ ಸವೆದಿವೆ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಇದೆ, ಚೆನ್ನಾಗಿ ಸಮ ಇದೆ. ದಾರ ಕಟ್ಟಿ ನಾನೇ ಮಾಡಿಕೊಳ್ಳಬಹುದಾ ಅಣ್ಣ?

ಉತ್ತರ (ಅಲೈನ್‌ಮೆಂಟ್ ಕೆಲಸದವರು): ಮಾಡಬಹುದು, ಆದರೆ ಟೋ ಒಂದನ್ನು ಮಾತ್ರ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅನ್ನುವುದು. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು), ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ವಾಲು) ಆಸೆ ಬಿಡಿ. ಇಂಥ ಗಾಡಿಗಳಲ್ಲಿ ಅವನ್ನು ಅಡ್ಜಸ್ಟ್ ಮಾಡಲು ಕಂಪನಿಯವರು ಜಾಗವನ್ನೇ ಕೊಟ್ಟಿರುವುದಿಲ್ಲ.

ನಿಮ್ಮ ಗಾಡಿಯ ಕಥೆ ನೀವೇ ಅರ್ಧ ಹೇಳಿದ್ದೀರಿ. ಮುಟ್ಟಿದ್ದು ಎಡಗಡೆ ಮಾತ್ರ ಅಲ್ವಾ? ಹೊಸ ಎಂಡ್ ಹಾಕುವಾಗ ಹಳೆಯದಕ್ಕಿಂತ ಎರಡು ಸುತ್ತು ಜಾಸ್ತಿ ಒಳಗೆ ಹೋಗಿರಬೇಕು. ಎಡ ಚಕ್ರದ ಮೂತಿ ಹೊರಗೆ ತಿರುಗಿದೆ, ಅದನ್ನು ಸರಿದೂಗಿಸಲು ನೀವು ಸ್ಟೀರಿಂಗ್ ಬಲಕ್ಕೆ ಹಿಡಿಯುತ್ತಿದ್ದೀರಿ, ಆಗ ಹೊರಚಾಚು ಎರಡೂ ಚಕ್ರಕ್ಕೆ ಹಂಚಿಹೋಗಿ ಎರಡೂ ಟೈರ್ ಒಳಗೆ ಸವೆಯುತ್ತವೆ. ಹಾಗಾಗಿ ಬಲಗಡೆ ಕೈ ಹಾಕಬೇಡಿ.

ಶುರು ಮಾಡುವ ಮುಂಚೆ ಒಂದೊಂದೇ ಚಕ್ರ ಜಾಕ್ ಮೇಲೆತ್ತಿ, ಅಲುಗಾಡಿಸಿ ನೋಡಿ. ಮೂರು ಗಂಟೆ-ಒಂಬತ್ತು ಗಂಟೆ ಜಾಗದಲ್ಲಿ ಹಿಡಿದಾಗ ಲೊಡಲೊಡ ಅಂದರೆ ಟೈ ರಾಡ್, ಮೇಲೆ-ಕೆಳಗೆ ಹಿಡಿದಾಗ ಅಂದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಹೀಗೆ ಸಡಿಲ ಆಟ ಇದ್ದರೆ ಅಳತೆಗೆ ಬೆಲೆಯೇ ಇಲ್ಲ. ನಮ್ಮಲ್ಲಿಗೆ ಬರುವ ಗಾಡಿಗಳಲ್ಲಿ ಎಷ್ಟೋ ಜನ ಸಸ್ಪೆನ್ಷನ್ನಿನ ರಬ್ಬರ್ ಬುಶ್ ಹೋಗಿರುವುದನ್ನು ಬಿಟ್ಟು ಅಲೈನ್‌ಮೆಂಟ್ ಮೇಲೆ ಅಲೈನ್‌ಮೆಂಟ್ ಮಾಡಿಸಿಕೊಂಡು ಸುಮ್ನೆ ದುಡ್ಡು ಕಳೆದುಕೊಂಡಿರುತ್ತಾರೆ.

ಇನ್ನೊಬ್ಬರು: ಎರಡು ಮುಂದಿನ ಟೈರ್ ಮಧ್ಯೆ ಟೇಪ್ ಹಿಡಿದು ಮುಂದೆಷ್ಟು ಹಿಂದೆಷ್ಟು ನೋಡಿದರೆ ಆಯ್ತಲ್ಲ, ದಾರ ಯಾಕೆ?

ಉತ್ತರ: ಅದರಲ್ಲಿ ಒಟ್ಟು ಟೋ ಗೊತ್ತಾಗುತ್ತದೆ ಸರ್, ಯಾವ ಚಕ್ರದ್ದು ಅಂತ ಗೊತ್ತಾಗಲ್ಲ. ಇವರ ಸಮಸ್ಯೆಯೇ ಅದು.

ಎರಡು ಪಿವಿಸಿ ಪೈಪ್ ತಗೊಳ್ಳಿ, ಗಾಡಿಯ ಅಗಲಕ್ಕಿಂತ ಒಂದಡಿ ಉದ್ದ. ಎರಡರಲ್ಲೂ ಒಂದೇ ಅಂತರಕ್ಕೆ ಗರಗಸದಲ್ಲಿ ಗೀರು ಹಾಕಿ, ಒಂದನ್ನು ಬಂಪರ್ ಮುಂದೆ, ಇನ್ನೊಂದನ್ನು ಹಿಂದೆ, ಚಕ್ರದ ನಡುಮಟ್ಟಕ್ಕೆ ಅಡ್ಡ ಇಟ್ಟು ಗೀರಿನಿಂದ ಗೀರಿಗೆ ಮೇಸ್ತ್ರಿಗಳ ನೈಲಾನ್ ದಾರ ಎಳೆಯಿರಿ. ಈಗ ದಾರಗಳು ಒಂದಕ್ಕೊಂದು ಸಮಾಂತರ, ಆದರೆ ಗಾಡಿಗೆ ಸಮಾಂತರ ಇವೆಯೋ ಇಲ್ಲವೋ ಗೊತ್ತಿಲ್ಲ. ಜನ ತಪ್ಪುವುದೇ ಇಲ್ಲಿ. ದಾರದಿಂದ ಹಬ್ ನಡುವಿಗೆ ಅಳೆಯಿರಿ: ಹಿಂದಿನ ಎಡ ಹಿಂದಿನ ಬಲಕ್ಕೆ ಸಮ ಬರಬೇಕು, ಮುಂದಿನ ಎಡ ಮುಂದಿನ ಬಲಕ್ಕೆ ಸಮ ಬರಬೇಕು. ಮುಂದಿನದೂ ಹಿಂದಿನದೂ ಒಂದೇ ಬರಬೇಕು ಅಂತ ಹಠ ಮಾಡಬೇಡಿ, ಚಕ್ರಗಳ ನಡುವಿನ ಅಗಲ ಮುಂದೊಂದು ಹಿಂದೊಂದು ಇರುತ್ತದೆ.

ಆಮೇಲೆ ಸ್ಟೀರಿಂಗ್ ನೇರ ಮಾಡಿ ಹಗ್ಗದಲ್ಲಿ ಸೀಟಿಗೆ ಕಟ್ಟಿ, ಸ್ಟೀಲ್ ಸ್ಕೇಲ್ ಹಿಡಿದು ದಾರದಿಂದ ರಿಮ್‌ನ ಮುಂದಿನ ಅಂಚು, ಹಿಂದಿನ ಅಂಚು ನೋಡಿ. ಮುಂದಿನ ಅಂಚು ದಾರಕ್ಕೆ ಹತ್ತಿರ ಇದ್ದರೆ ಟೋ ಔಟ್, ಅಂದರೆ ಮೂತಿ ಹೊರಗೆ. ರಿಮ್ ಮೇಲೆ 1 ಮಿ.ಮೀ. ಅಂದರೆ ಸುಮಾರು 0.16 ಡಿಗ್ರಿ. ಎಷ್ಟಿರಬೇಕು ಅನ್ನುವುದು ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಇಂಥ ಗಾಡಿಗಳಿಗೆ ಸಾಮಾನ್ಯವಾಗಿ ಸೊನ್ನೆಯ ಆಸುಪಾಸು.

ಪ್ರಶ್ನೆ ಕೇಳಿದವರು: ಅಳೆದೆ ಅಣ್ಣ. ಲೊಡಲೊಡ ಎಲ್ಲೂ ಇಲ್ಲ. ಬಲ ಸರಿ ಇದೆ, ಎಡ 5 ಮಿ.ಮೀ. ಹೊರಗೆ!

ಉತ್ತರ: ನೋಡಿದ್ರಾ. ಟೈ ರಾಡ್ ಆಕ್ಸಲ್‌ಗಿಂತ ಹಿಂದೆ ಬಂದು ಸೇರುತ್ತದೆಯಾ ನೋಡಿಕೊಳ್ಳಿ. ಹೌದಾದರೆ ರಾಡ್ ಉದ್ದ ಮಾಡಬೇಕು. ಚೆಕ್ ನಟ್ (ರಾಡ್ ತಿರುಗದಂತೆ ಬಿಗಿ ಹಿಡಿಯುವ ನಟ್) ಸಡಿಲಿಸಿ, ರಬ್ಬರ್ ಬೂಟಿನ ಕ್ಲಿಪ್ಪೂ ತೆಗೆಯಿರಿ, ಇಲ್ಲದಿದ್ದರೆ ರಾಡ್ ಜೊತೆ ಬೂಟ್ ತಿರುಚಿಕೊಂಡು ಹರಿಯುತ್ತದೆ. ಅರ್ಧ ಸುತ್ತಿಗೆ ಹೆಚ್ಚುಕಡಿಮೆ ಒಂದೂವರೆ-ಎರಡು ಮಿ.ಮೀ. ಬದಲಾಗುತ್ತದೆ. ಜಾಕ್ ಇಳಿಸಿದ ತಕ್ಷಣ ಅಳೆಯಬೇಡಿ, ಚಕ್ರ ಒಳಕ್ಕೆ ಒತ್ತಿಕೊಂಡಿರುತ್ತದೆ, ಗಾಡಿಯನ್ನು ಐದಾರು ಮೀಟರ್ ಹಿಂದೆ ಮುಂದೆ ತಳ್ಳಿ ಆಮೇಲೆ ದಾರ ಮತ್ತೆ ಹೊಂದಿಸಿ. ಬೇಜಾರಿನ ಕೆಲಸ, ಮೂರ್ನಾಲ್ಕು ಸಲ ಆಗುತ್ತದೆ. ಗಾಡಿ ಕೆಳಗೆ ನುಗ್ಗುವಾಗ ಜಾಕ್ ಸ್ಟ್ಯಾಂಡ್ ಇರಲೇಬೇಕು, ಕಲ್ಲು-ಇಟ್ಟಿಗೆ ಅಲ್ಲ.

ಪ್ರಶ್ನೆ ಕೇಳಿದವರು: ಒಂದೂವರೆ ಸುತ್ತು ಬೇಕಾಯಿತು. ಈಗ ಸ್ಟೀರಿಂಗ್ ನೇರ. ಆದರೂ ಸ್ವಲ್ಪ ಎಡಕ್ಕೆ ಹೋಗುತ್ತದೆ, ಗುಂಯ್ ಅನ್ನುವ ಸದ್ದೂ ಇದೆ.

ಉತ್ತರ: ನಮ್ಮ ರಸ್ತೆ ನೀರು ಹರಿಯಲಿ ಅಂತ ಎಡಕ್ಕೆ ಇಳಿಜಾರು ಇರುತ್ತದೆ, ಸ್ವಲ್ಪ ಎಳೆಯುವುದು ಸಹಜ. ಜಾಸ್ತಿ ಅನ್ನಿಸಿದರೆ ಮುಂದಿನ ಟೈರ್ ಎಡ-ಬಲ ಅದಲುಬದಲು ಮಾಡಿ, ಎಳೆತ ಬಲಕ್ಕೆ ಬಂದರೆ ಟೈರ್‌ದೇ ತಪ್ಪು. ಸದ್ದು ಸವೆದ ಟೈರಿನದು, ಹೊಸದು ಹಾಕುವವರೆಗೆ ಹೋಗಲ್ಲ. ಹೊಸ ಟೈರ್ ಹಾಕಿಸಿದ ದಿನ ಮಷಿನ್ ಮೇಲೂ ಒಮ್ಮೆ ಏರಿಸಿಬಿಡಿ. ಚೆಕ್ ನಟ್ ಬಿಗಿ ಮಾಡಿದ್ದೀರಿ ತಾನೇ? ನಾಳೆ ಇನ್ನೊಮ್ಮೆ ಪಾನಾ ಹಾಕಿ ನೋಡಿ.