ಕ್ವಾಡ್‌ನಿಂದ ಐಸ್‌ಗೆ: ಆಕ್ಸೆಲ್ ನಿಲ್ತಿಲ್ಲ, ಬೂಟು ಯಾವ ಸೈಜ್?

ಕೋಟೆ_ಕೆಳಗೆ (ಬಳ್ಳಾರಿ):
ಮಗಳಿಗೆ 9 ವರ್ಷ, ಕ್ವಾಡ್ (ನಾಲ್ಕು ಚಕ್ರದ ರೋಲರ್ ಸ್ಕೇಟ್) ಮೇಲೆ ಆರ್ಟಿಸ್ಟಿಕ್ (ಜಂಪ್, ಸ್ಪಿನ್ ಇರೋ ಸ್ಕೇಟಿಂಗ್) ಕಲೀತಿದಾಳೆ. ಒಂದು ಸುತ್ತಿನ ಜಂಪ್‌ಗಳಾದ ಸಿಂಗಲ್ ಸಾಲ್ಕೋ, ಟೋ ಲೂಪ್ ಬರ್ತವೆ. ಆಕ್ಸೆಲ್ ಜಂಪ್ ಮಾತ್ರ ಪ್ರತಿಸಲ ಎರಡೂ ಕಾಲ ಮೇಲೆ ಇಳೀತಾಳೆ. ಮೇ ತಿಂಗಳಲ್ಲಿ ಎರಡು ವಾರ ಡೆಹ್ರಾಡೂನ್ ಐಸ್ ರಿಂಕ್‌ಗೆ ಕರ್ಕೊಂಡು ಹೋಗಬೇಕಂತಿದೀನಿ. ಐಸ್‌ನಲ್ಲೇ ಮುಂದುವರಿಯೋಕೆ ವಯಸ್ಸು ಮೀರಿತಾ? ಬೂಟು ಒಂದು ಸೈಜ್ ದೊಡ್ಡದು ತಗೊಂಡ್ರೆ ಎರಡು ವರ್ಷ ಬರುತ್ತಲ್ಲ?

ಹೊರ_ಅಂಚು:
ಅಕ್ಕಾ, ದೊಡ್ಡ ಸೈಜ್ ಬೇಡವೇ ಬೇಡ. ಬೂಟಿನೊಳಗೆ ಹಿಮ್ಮಡಿ ಎದ್ದರೆ ಬ್ಲೇಡು ಕಾಲಿನ ಮಾತು ಕೇಳಲ್ಲ. ಪಾದವನ್ನ ಮಿಲಿಮೀಟರ್‌ನಲ್ಲಿ ಅಳೆದು ಕಂಪನಿಯ ಚಾರ್ಟ್ ನೋಡಿ, ಬೆಳವಣಿಗೆಗೆ ಅಂತ ಹೆಚ್ಚೆಂದರೆ ಅರ್ಧ ಸೈಜ್. ಟ್ರಿಪಲ್ (ಮೂರು ಸುತ್ತಿನ ಜಂಪ್) ಹಾರೋರ ಗಟ್ಟಿ ಬೂಟೂ ಬೇಡ. ಕಣಕಾಲು ಬಾಗದಿದ್ರೆ ಮೊಣಕಾಲೂ ಬಾಗಲ್ಲ, ಜಂಪ್ ಏಳಲ್ಲ.

ಆಕ್ಸೆಲ್ ವಿಷಯ. ಮುಖ್ಯ ಜಂಪ್‌ಗಳಲ್ಲಿ ಮುಂದಕ್ಕೆ ಮುಖ ಮಾಡಿ ಏಳೋದು ಇದೊಂದೇ, ಅದಕ್ಕೇ ಒಂದೂವರೆ ಸುತ್ತು. ಎರಡು ಕಾಲ ಮೇಲೆ ಇಳೀತಾಳೆ ಅಂದ್ರೆ ಬಹುಪಾಲು ಗಾಳಿಯಲ್ಲಿ ಭಾರ ಎಡಗಾಲಿಂದ ಬಲಗಾಲಿಗೆ ದಾಟಿಲ್ಲ. (ಅವಳು ಬಲಕ್ಕೆ ಸುತ್ತೋಳಾದ್ರೆ ಎಡ-ಬಲ ಅದಲುಬದಲು ಮಾಡ್ಕೊಳ್ಳಿ.) ಬಲಗಾಲ ಮೇಲೆ ಬ್ಯಾಕ್‌ಸ್ಪಿನ್ (ಇಳಿಯೋ ಕಾಲ ಮೇಲೇ ನಿಂತು ಸುತ್ತೋದು) ಎಷ್ಟು ಸುತ್ತು ನಿಲ್ಲುತ್ತೆ ನೋಡಿ. ನಾಲ್ಕೈದು ನಿಲ್ಲೋವರೆಗೂ ಆಕ್ಸೆಲ್ ಬಿಡಿಸಿ ಅದನ್ನೇ ಮಾಡಿಸಿ. ಜೊತೆಗೆ ಸ್ಕೇಟ್ ಬಿಚ್ಚಿ, ಚಾಕ್‌ಪೀಸಲ್ಲಿ ಗೆರೆ ಎಳೆದು, ಗೆರೆ ಮೇಲೆ ಎಡಗಾಲಲ್ಲಿ ಹಾರಿ ಬಲಗಾಲಲ್ಲಿ ಇಳೀಲಿ. ಇಳಿದಾಗ ಹೆಬ್ಬೆರಳು ಹೊರಟ ಜಾಗದ ಕಡೆ ತಿರುಗಿರಬೇಕು. ಪಕ್ಕಕ್ಕೆ ನೋಡ್ತಿದ್ರೆ ಸುತ್ತು ಕಾಲು ಭಾಗ ಕಮ್ಮಿ. ದಿನಕ್ಕೆ 15-20 ಸಾಕು, ಮಣ್ಣಿನ ನೆಲ ಇಲ್ಲಾ ಮ್ಯಾಟ್ ಮೇಲೆ. ಸಿಮೆಂಟ್ ಮೇಲೆ ದಿನಾ ಹಾರಿಸಿದ್ರೆ ಮುಂಗಾಲೆಲುಬು ನೋವು ಗ್ಯಾರಂಟಿ.

ಸಾಣೆ:
ಐಸ್ ಮೇಲೆ ಮೊದಲ ದಿನ ಕ್ವಾಡ್ ಮಕ್ಕಳನ್ನ ಬೀಳಿಸೋದು ಟೋ ಪಿಕ್, ಅಂದ್ರೆ ಬ್ಲೇಡಿನ ಮುಂತುದಿಯ ಹಲ್ಲು. ಟೋ-ಸ್ಟಾಪ್ (ಕ್ವಾಡ್ ಮುಂದಿನ ರಬ್ಬರ್ ಬ್ರೇಕ್) ಒತ್ತಿ ನಿಲ್ಲೋ ಅಭ್ಯಾಸ ಇರುತ್ತೆ, ಇಲ್ಲಿ ಹಲ್ಲು ಐಸ್‌ಗೆ ಕಚ್ಚಿ ಮೂತಿ ಮುಂದಾಗಿ ಬೀಳ್ತಾರೆ. ಈಗಿಂದಲೇ ಪಾದದ ಪಕ್ಕದಿಂದ ತಳ್ಳೋದು ಕಲಿಸಿ, ಬೆರಳ ತುದಿಯಿಂದ ಅಲ್ಲ.

ಇನ್ನು ಬ್ಲೇಡ್. ತಳದ ಅಗಲ ಸುಮಾರು 4 ಮಿ.ಮೀ. ಅದರ ನಡುವೆ ಉದ್ದಕ್ಕೂ ಒಂದು ಸಣ್ಣ ಕಾಲುವೆ, ಎರಡೂ ಬದಿ ಅಂಚು. ಬಜಾರಲ್ಲಿ ಕತ್ತರಿಗೆ ಸಾಣೆ ಹಿಡಿಯೋರ ಕೈಗೆ ಕೊಟ್ರೆ ಕಾಲುವೆ ಸವೆದು ಚಪ್ಪಟೆಯಾಗುತ್ತೆ, ಆಮೇಲೆ ಅಂಚು ಹಿಡಿಯೋದೇ ಇಲ್ಲ. ರಿಂಕ್‌ನಲ್ಲೇ ಮಾಡಿಸಿ, 20-40 ಗಂಟೆಗೊಮ್ಮೆ. ಪ್ಲಾಸ್ಟಿಕ್ ಗಾರ್ಡ್ ನಡೆಯೋಕೆ ಮಾತ್ರ. ಬ್ಯಾಗಲ್ಲಿ ಹಾಗೇ ಇಟ್ರೆ ನೀರು ನಿಂತು ತುಕ್ಕು. ಒರೆಸಿ ಬಟ್ಟೆ ಕವರ್ ಹಾಕಿ.

ಎರಡೂವರೆ_ಸುತ್ತು:
ವಯಸ್ಸು ಮೀರಿಲ್ಲರೀ. ಅಂತರರಾಷ್ಟ್ರೀಯ ಜೂನಿಯರ್‌ಗೆ ಜುಲೈ 1ರೊಳಗೆ 13 ತುಂಬಿರಬೇಕು, ಸೀನಿಯರ್‌ಗೆ 2024-25ರಿಂದ 17. ಆದ್ರೆ ಸುತ್ತು ಕಮ್ಮಿ ಮಾಡೋ ಅಭ್ಯಾಸ ಈಗಲೇ ಬಿಡಿಸಿ. ಡಬಲ್ ಆಕ್ಸೆಲ್‌ಗೆ (ಎರಡೂವರೆ ಸುತ್ತು) ಮೂಲ ಅಂಕ 3.3, ಅರ್ಧ ಸುತ್ತು ಕಮ್ಮಿಯಾದ್ರೆ ಸಿಂಗಲ್ಲಿನ 1.1 ಅಷ್ಟೇ ಸಿಗೋದು. ಬಿದ್ರೆ ಇನ್ನೊಂದು ಅಂಕ ಕಟ್.

ರೋಲರ್ ಬಿಡಿಸಬೇಡಿ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಭಾರತದ ಅನೂಪ್ ಯಾಮಾ ಕಂಚು ಗೆದ್ದಿದ್ದು ಆರ್ಟಿಸ್ಟಿಕ್ ರೋಲರ್‌ನಲ್ಲೇ. ಕ್ಯಾಂಪ್ ಮುಗಿದು ಊರಿಗೆ ಬಂದ್ಮೇಲೆ ಮೂರು ಚಕ್ರ ಒಂದೇ ಸಾಲಲ್ಲಿರೋ ಇನ್‌ಲೈನ್ ಫಿಗರ್ ಫ್ರೇಮ್ ಹಾಕಿಸಿ. ನಡುವಿನ ಚಕ್ರ ಸ್ವಲ್ಪ ತಗ್ಗಿ, ಮುಂದೆ ರಬ್ಬರ್ ಪಿಕ್ ಇರುತ್ತೆ, ಐಸ್ ಬ್ಲೇಡಿಗೆ ಹತ್ತಿರದ್ದು ಅದೇ. ಅಂಗಡಿಯವರು ಸ್ಪೀಡ್ ಇನ್‌ಲೈನ್ (ರೇಸಿನ ಸ್ಕೇಟ್) ಕೊಟ್ಟು ಎರಡೂ ಒಂದೇ ಅಂತಾರೆ, ನಂಬಬೇಡಿ.

ಕೋಟೆ_ಕೆಳಗೆ:
ಬ್ಯಾಕ್‌ಸ್ಪಿನ್ ಎಣಿಸಿದೆ. ಎರಡೇ ಸುತ್ತು, ಆಮೇಲೆ ಎಡಗಾಲು ಕೆಳಗೆ.

ಹೊರ_ಅಂಚು:
ಹಂಗಾದ್ರೆ ಮೇವರೆಗೂ ಆಕ್ಸೆಲ್ ಬಂದ್.