ಆ ಪ್ಯಾಡ್ ಲಿಂಕ್ ಬಗ್ಗೆ ಚಿಕ್ಕಪ್ಪ ಕೇಳಿದ್ದಕ್ಕೆ

ಚಿಕ್ಕಪ್ಪ, ನೀವು ಬೆಳಗ್ಗೆ ಗ್ರೂಪಲ್ಲಿ ಕೇಳಿದ್ರಲ್ಲ, ತಂಗಿ ಕಳ್ಸಿರೋ ಲಿಂಕ್ ಒತ್ತಿದ್ರೆ ಬಿಳಿ ಹಾಳೆ ಬರುತ್ತೆ, ಅದ್ರಲ್ಲಿ ಯಾರೋ ಏನೋ ಬರೀತಾ ಇರೋದು ಕಾಣುತ್ತೆ, ನಾನು ಗೊತ್ತಾಗ್ದೆ ಮುಟ್ಟಿ ಎಲ್ಲಾ ಅಳಿಸಿಬಿಟ್ರೆ ಏನ್ ಗತಿ, ನನ್ನ ನಂಬರ್ ಪಾಸ್ವರ್ಡ್ ಏನಾದ್ರೂ ಕೇಳುತ್ತಾ ಅಂತ, ಅದಕ್ಕೇ ಈ ಉತ್ತರ. ಮಾತಾಡಿ ವಾಯ್ಸ್ ಮೆಸೇಜ್ ಕಳ್ಸೋಣ ಅಂತಿದ್ದೆ, ಆದ್ರೆ ಅತ್ತೆ ಎರಡು ನಿಮಿಷ ದಾಟಿದ್ರೆ ಕೇಳೋದೇ ಇಲ್ಲ, ಹಾಗಾಗಿ ಫೋನಿಗೆ ಮಾತಾಡ್ತಾ ಇದೀನಿ, ಅದೇ ಟೈಪ್ ಮಾಡ್ಕೊಳ್ತಾ ಇದೆ, ಎಲ್ಲಾದ್ರೂ ಕಾಮಾ ಫುಲ್‌ಸ್ಟಾಪ್ ತಪ್ಪಿದ್ರೆ ಅದರ ತಲೆ ಮೇಲೆ ಹಾಕಿ.

ಮೊದ್ಲು ಭಯ ಬಿಡಿ. ಇದು ಈಥರ್‌ಪ್ಯಾಡ್ ಅಂತ, ಒಂದೇ ಹಾಳೆ ಮೇಲೆ ಎಷ್ಟೋ ಜನ ಒಟ್ಟಿಗೆ ಬರೆಯೋಕೆ ಇರೋದು. ಅಕೌಂಟ್ ಬೇಡ, ಓಟಿಪಿ ಬೇಡ, ಆಪ್ ಇಳಿಸ್ಕೊಳ್ಳೋದೂ ಬೇಡ, ಲಿಂಕ್ ಒತ್ತಿದ್ರೆ ಬ್ರೌಸರಲ್ಲಿ ತೆರ್ಕೊಳ್ಳುತ್ತೆ ಅಷ್ಟೇ. ಬಲಗಡೆ ಮೇಲೆ ಜನರ ಗುರುತಿನ ಒಂದು ಚಿಕ್ಕ ಬಟನ್ ಇದೆ, ಅದನ್ನ ಒತ್ತಿ ನಿಮ್ಮ ಹೆಸ್ರು ಹಾಕಿ, ಪಕ್ಕದಲ್ಲಿರೋ ಬಣ್ಣದ ಚೌಕ ಒತ್ತಿ ಬೇಕಾದ ಬಣ್ಣ ಆರಿಸ್ಕೊಳಿ. ಅಲ್ಲಿಂದ ಮುಂದೆ ನೀವು ಬರ್ದಿದ್ದೆಲ್ಲ ಆ ಬಣ್ಣದ ಹಿನ್ನೆಲೆಯಲ್ಲಿ ಕಾಣುತ್ತೆ. ಸೇವ್ ಬಟನ್ ಹುಡುಕ್ಬೇಡಿ, ಒತ್ತಿದ ಒತ್ತಿದ ಹಾಗೆ ಅದೇ ಉಳಿಸ್ಕೊಳ್ಳುತ್ತೆ. ನಕ್ಷತ್ರದ ಗುರುತಿದ್ಯಲ್ಲ ಅದು ಸೇವ್ ಅಲ್ಲ, ಈ ಹಂತ ಮುಖ್ಯ ಅಂತ ಒಂದು ಗುರುತು ಹಾಕ್ಕೊಳ್ಳೋಕೆ.

ಇಷ್ಟು ದಿನ ನಾವು ಮನೆತನದ ಕಥೆ ಬರೀತೀವಿ ಅಂತ ಹೇಳ್ಕೊಂಡು ಒಂದು ವರ್ಡ್ ಫೈಲನ್ನ ಈ ಗ್ರೂಪಲ್ಲೇ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ದಬ್ತಾ ಇದ್ವಲ್ಲ, ಭಾವ ತಿದ್ದಿದ್ದು ಒಂದು ಕಡೆ, ದೊಡ್ಡಮ್ಮ ಹೇಳಿ ಬರೆಸಿದ್ದು ಇನ್ನೊಂದು ಕಡೆ, ಯಾವ್ದು ಕೊನೇದು ಅಂತ ಯಾರಿಗೂ ಗೊತ್ತಿಲ್ಲ, ಆ ತಲೆನೋವು ಇದ್ರಲ್ಲಿ ಹೋಯ್ತು. ಹಾಳೆ ಒಂದೇ, ಎಲ್ಲರೂ ಅಲ್ಲಿಗೇ ಬರ್ಬೇಕು.

ನಂಗೆ ಇಷ್ಟ ಆಗಿದ್ದು ಅಂದ್ರೆ ಬೇರೆಯೋರು ಬರೆಯೋದು ಕಣ್ಣೆದುರೇ ಬೆಳೆಯೋದು. ತಂಗಿ ಅಲ್ಲಿ "ಅಕ್ಷರ" ಅಂತ ಟೈಪ್ ಮಾಡ್ತಾ ಇದ್ರೆ ಇಲ್ಲಿ ನನ್ನ ಸ್ಕ್ರೀನಲ್ಲಿ ಮೊದ್ಲು ಅ ಬಂತು, ಆಮೇಲೆ ಕ, ಅದಕ್ಕೆ ಅರ್ಧಾಕ್ಷರದ ಕೊಕ್ಕೆ ಬಿದ್ದು ಕ್ ಆಯ್ತು, ಕಣ್ಣು ಮಿಟುಕಿಸೋದ್ರೊಳಗೆ ಅದಕ್ಕೆ ಷ ಒತ್ತು ಸೇರಿ ಕ್ಷ ಆಗಿ ನಿಂತ್ಕೊಳ್ತು. ಅವ್ಳು ಎಲ್ಲಿ ತಡವರಿಸಿದ್ಲು, ಯಾವ ಪದ ಹೊಡೆದು ಹಾಕಿ ಯಾವ್ದು ಬರೆದ್ಲು ಎಲ್ಲಾ ಗೊತ್ತಾಗುತ್ತೆ. ಸುಮ್ನೆ ನೋಡ್ತಾ ಕೂತ್ಬಿಟ್ಟೆ, ಬರೆಯೋ ಕೆಲ್ಸ ಆಮೇಲೆ ನೆನಪಾಯ್ತು.

ಭಾವ ಕೇಳ್ತಾ ಇದ್ರು, ಇಬ್ರು ಒಟ್ಟಿಗೆ ಬರೆದ್ರೆ ಕಲಸುಮೇಲೋಗರ ಆಗಲ್ವಾ ಅಂತ. ಆಗಲ್ಲ, ಅದೇ ಇದರ ಜಾಣತನ. ಹೇಗೆ ಅಂದ್ರೆ, ನಾನು ಹತ್ತನೇ ಅಕ್ಷರ ಆದ್ಮೇಲೆ ಒಂದು ಪದ ಸೇರಿಸ್ತೀನಿ ಅಂದ್ಕೊಳಿ, ಅದೇ ಹೊತ್ತಿಗೆ ನೀವು ಸಾಲಿನ ಶುರುವಲ್ಲಿ ನಾಲ್ಕಕ್ಷರ ಅಳಿಸಿದ್ರಿ. ಈಗ ನನ್ನ ಹತ್ತನೇ ಜಾಗ ನಿಮ್ಮ ಹಾಳೆಯಲ್ಲಿ ಆರನೇದಾಗಿ ಹೋಗಿದೆ. ಕಂಪ್ಯೂಟರ್ ಸುಮ್ನೆ "ಹತ್ತರಲ್ಲಿ ಸೇರ್ಸು" ಅಂತ ಹೇಳಿದ್ರೆ ನಿಮ್ಮಲ್ಲಿ ಪದದ ಮಧ್ಯೆ ಹೋಗಿ ತೂರ್ಕೊಳ್ಳುತ್ತೆ. ಅದಕ್ಕೆ ಇದು ಇಬ್ಬರ ಬದಲಾವಣೆನೂ ಸರ್ವರ್ ಹತ್ರ, ಅಂದ್ರೆ ಹಾಳೆ ಇಟ್ಕೊಂಡಿರೋ ದೂರದ ಕಂಪ್ಯೂಟರ್ ಹತ್ರ, ಕಳ್ಸುತ್ತೆ, ಸರ್ವರ್ ಅವನ್ನ ಒಂದು ಸಾಲಲ್ಲಿ ನಿಲ್ಲಿಸುತ್ತೆ, ಹತ್ತನ್ನ ಆರು ಮಾಡ್ಕೊಂಡು ಹಾಕಲಾಗುತ್ತೆ, ಕೊನೇಗೆ ಎಲ್ಲರ ಹಾಳೆನೂ ಒಂದೇ ಥರ. ಈ ಲೆಕ್ಕಾಚಾರ ಹೊಸದೇನಲ್ಲ, 1989ರಲ್ಲೇ ಎಲಿಸ್ ಮತ್ತೆ ಗಿಬ್ಸ್ ಅನ್ನೋ ಇಬ್ರು ಕಂಪ್ಯೂಟರ್ ಸಂಶೋಧಕರು ಇದರ ಬಗ್ಗೆ ಪ್ರಬಂಧ ಬರ್ದಿದ್ರು. ಇನ್ನೂ ಹಿಂದಕ್ಕೆ ಹೋದ್ರೆ 1968ರ ಡಿಸೆಂಬರ್ 9ಕ್ಕೆ ಅಮೆರಿಕದ ಕಂಪ್ಯೂಟರ್ ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೇದಿಕೆ ಮೇಲೆ ಕೂತು, ದೂರದ ಮೆನ್ಲೋ ಪಾರ್ಕಲ್ಲಿದ್ದ ಸಹೋದ್ಯೋಗಿ ಜೊತೆ ಒಂದೇ ಸ್ಕ್ರೀನ್ ಹಂಚ್ಕೊಂಡು ಕೆಲ್ಸ ಮಾಡಿ ತೋರಿಸಿದ್ರು. ನಮಗೆ ಈಗ ಆಶ್ಚರ್ಯ ಆಗ್ತಾ ಇದೆ ನೋಡಿ.

ಈ ಈಥರ್‌ಪ್ಯಾಡ್ ಬಂದಿದ್ದು 2008ರಲ್ಲಿ. 2009ರ ಡಿಸೆಂಬರಲ್ಲಿ ಅದನ್ನ ಮಾಡಿದ ಕಂಪ್ನಿನ ಗೂಗಲ್ ತಗೊಳ್ತು, ಅಲ್ಲಿದ್ದೋರನ್ನ ಗೂಗಲ್ ವೇವ್ ಅನ್ನೋ, ಜನ ಒಟ್ಟಿಗೆ ಮಾತಾಡ್ತಾ ಬರೆಯೋ ತನ್ನದೇ ಇನ್ನೊಂದು ಸಾಧನದ ಕೆಲ್ಸಕ್ಕೆ ಹಾಕ್ಕೊಳ್ತು, ಪ್ಯಾಡ್ ಮುಚ್ತೀವಿ ಅಂದಾಗ ಬಳಸೋರು ಗಲಾಟೆ ಮಾಡಿದ್ರು, ಆಮೇಲೆ ಅದರ ಕೋಡನ್ನ, ಅಂದ್ರೆ ಅದನ್ನ ನಡೆಸೋ ಪ್ರೋಗ್ರಾಮನ್ನ, ಎಲ್ಲರಿಗೂ ಬಿಟ್ಟುಕೊಟ್ರು. ತಮಾಷೆ ಅಂದ್ರೆ ಆ ವೇವ್ ಕೆಲ್ಸನ 2010ರ ಆಗಸ್ಟಲ್ಲೇ ನಿಲ್ಲಿಸಿದ್ರು, ಇದು ಮಾತ್ರ ಇನ್ನೂ ಬದುಕಿದೆ. ಕೋಡ್ ಎಲ್ಲರ ಕೈಲಿರೋದ್ರಿಂದ ಯಾರು ಬೇಕಾದ್ರೂ ತಮ್ಮ ಸರ್ವರಲ್ಲಿ ನಡೆಸ್ಬಹುದು, ವಿಕಿಪೀಡಿಯ ನಡೆಸೋ ವಿಕಿಮೀಡಿಯಾದೋರೂ ಒಂದು ಇಟ್ಕೊಂಡಿದಾರೆ. ಅಂದ್ರೆ ಈಥರ್‌ಪ್ಯಾಡ್ ಅಂತ ಒಂದೇ ಜಾಗ ಇಲ್ಲ, ನಾವು ಯಾರ ಸರ್ವರಲ್ಲಿ ಬರೀತಾ ಇದೀವಿ ಅನ್ನೋದು ಮುಖ್ಯ, ಇದು ಆಮೇಲೆ ಮತ್ತೆ ಬರುತ್ತೆ.

ಈಗ ನಾನು ನಿಜವಾಗ್ಲೂ ಹೇಳ್ಬೇಕು ಅಂದ್ಕೊಂಡಿದ್ದು. ಮೇಲೆ ಗಡಿಯಾರದ ಗುರುತಿನ ಬಟನ್ ಇದೆ, ಟೈಮ್‌ಸ್ಲೈಡರ್ ಅಂತ. ಅದನ್ನ ಒತ್ತಿ ಪ್ಲೇ ಕೊಟ್ರೆ ಹಾಳೆ ಖಾಲಿ ಇದ್ದಾಗಿಂದ ಈಗಿನವರೆಗೆ ಸಿನಿಮಾ ಥರ ಓಡುತ್ತೆ, ಯಾರು ಯಾವಾಗ ಏನು ಹಾಕಿದ್ರು, ಯಾರು ತೆಗೆದ್ರು, ಎಲ್ಲಾ. ಚಿಕ್ಕಪ್ಪ, ನಿಮ್ಮ ಅಳಿಸಿಬಿಡೋ ಭಯಕ್ಕೆ ಇದೇ ಔಷಧಿ. ನೀವು ಪೂರ್ತಿ ಹಾಳೆ ಅಳಿಸಿದ್ರೂ ಹಿಂದಕ್ಕೆ ಎಳೆದ್ರೆ ಅಲ್ಲಿ ಕೂತಿರುತ್ತೆ, ಕಾಪಿ ಮಾಡಿ ಮತ್ತೆ ಪೇಸ್ಟ್ ಮಾಡಿದ್ರಾಯ್ತು. ಹಾಗಾಗಿ ಧೈರ್ಯವಾಗಿ ಮುಟ್ಟಿ.

ಆದ್ರೆ ಅದೇ ಬಟನ್ನಿಗೆ ಇನ್ನೊಂದು ಮುಖ ಇದೆ. ನೀವು ಬರೆದು, ಅಯ್ಯೋ ಇದು ಬೇಡ ಅಂತ ಅಳಿಸಿದ್ದೂ ಅಲ್ಲೇ ಇರುತ್ತೆ. ಆಸ್ತಿ ಪಾಲಾದ ವರ್ಷದ ಪ್ಯಾರಾ ಇದ್ಯಲ್ಲ, ಅಲ್ಲಿ ಒಬ್ರು, ಯಾರು ಅಂತ ಹೇಳಲ್ಲ, ಬಣ್ಣ ನೋಡಿದ್ರೆ ಗೊತ್ತಾಗುತ್ತೆ, ಇನ್ನೊಬ್ಬರ ಬಗ್ಗೆ ಸ್ವಲ್ಪ ಖಾರವಾಗೇ ಬರ್ದು, ಮನಸ್ಸು ತಡೀಲಿಲ್ಲ ಅಂತ ಕಾಣುತ್ತೆ, ಪೂರ್ತಿ ಅಳಿಸಿ "ಆಮೇಲೆ ಎಲ್ಲರೂ ಬೇರೆ ಬೇರೆ ಮನೆ ಮಾಡಿಕೊಂಡರು" ಅಂತ ನಯವಾಗಿ ಮುಗಿಸಿದಾರೆ. ಹಾಳೆ ಓದೋರಿಗೆ ನಯದ ಸಾಲು ಮಾತ್ರ ಕಾಣುತ್ತೆ. ಸ್ಲೈಡರ್ ಓಡಿಸೋರಿಗೆ ಖಾರದ್ದೂ ಕಾಣುತ್ತೆ. ನಾನೇನು ಬೇಕಂತ ಹುಡುಕಿಲ್ಲ, ಬಟನ್ ಏನು ಮಾಡುತ್ತೆ ನೋಡೋಣ ಅಂತ ಒತ್ತಿದಾಗ ಓಡ್ತು. ವಾಟ್ಸಾಪಲ್ಲಿ ಕಳ್ಸೋಕೆ ಮುಂಚೆ ಹತ್ತು ಸಲ ಬರ್ದು ಅಳಿಸ್ತೀವಿ, ಯಾರಿಗೂ ಗೊತ್ತಾಗಲ್ಲ, ಆ ಅಭ್ಯಾಸದಲ್ಲೇ ಇಲ್ಲಿಗೂ ಬರ್ತೀವಿ, ಇಲ್ಲಿ ಕಳ್ಸೋದು ಅಂತ ಒಂದು ಬಟನ್ನೇ ಇಲ್ಲ, ಬೆರಳಿಟ್ಟ ತಕ್ಷಣ ಕಳ್ಸಿದ ಹಾಗೇ. ಆದ್ದರಿಂದ ಮನಸ್ಸಲ್ಲಿ ಕುದೀತಾ ಇರೋ ವಿಷಯ ಇದ್ರೆ ದಯವಿಟ್ಟು ಫೋನಿನ ನೋಟ್ಸಲ್ಲಿ ಬರ್ದು, ತಣ್ಣಗಾದ್ಮೇಲೆ ಇಲ್ಲಿಗೆ ತನ್ನಿ.

ಬಣ್ಣದ ವಿಷಯನೂ ಒಂದು. ನೋಡೋಕೆ ಚೆನ್ನಾಗಿದೆ, ಯಾರದ್ದು ಯಾವ್ದು ಅಂತ ಗೊತ್ತಾಗುತ್ತೆ ಅಂತ ಖುಷಿಯಾಯ್ತು, ಆಮೇಲೆ ಹೊಳೀತು, ಅದು ಬೆರಳಿನ ಬಣ್ಣ, ಬಾಯಿದಲ್ಲ. ದೊಡ್ಡಮ್ಮ ಹೇಳಿದ್ದನ್ನೆಲ್ಲ ಅಣ್ಣ ಟೈಪ್ ಮಾಡಿದಾನೆ, ಹಾಳೆ ಪೂರ್ತಿ ಅವನ ಹಸಿರು, ದೊಡ್ಡಮ್ಮ ಎಲ್ಲೂ ಇಲ್ಲ! ಮನೆಯಲ್ಲಿ ಅತೀ ಹೆಚ್ಚು ಗೊತ್ತಿರೋದು ಅವ್ರಿಗೆ, ನೂರು ವರ್ಷ ಆದ್ಮೇಲೆ ಯಾರಾದ್ರೂ ನೋಡಿದ್ರೆ ಎಲ್ಲಾ ಅಣ್ಣಂಗೇ ಗೊತ್ತಿತ್ತು ಅಂದ್ಕೊಳ್ತಾರೆ. ಪೇಸ್ಟ್ ಮಾಡಿದ್ರೂ ಅಷ್ಟೇ, ಯಾರು ಪೇಸ್ಟ್ ಮಾಡಿದ್ರೋ ಅವರ ಬಣ್ಣ. ಹಾಗಾಗಿ ಬೇರೆಯೋರ ಪರವಾಗಿ ಬರೆಯೋವಾಗ ಪ್ಯಾರಾ ಶುರುವಲ್ಲಿ "ದೊಡ್ಡಮ್ಮ ಹೇಳಿದ್ದು" ಅಂತ ಹಾಕ್ಬೇಕು, ಬಣ್ಣ ನಂಬ್ಕೊಂಡು ಕೂರೋಹಾಗಿಲ್ಲ. ಇನ್ನೊಂದು, ಫೋನಲ್ಲೊಮ್ಮೆ ಲ್ಯಾಪ್‌ಟಾಪಲ್ಲೊಮ್ಮೆ ತೆರೆದ್ರೆ ಅದು ನಿಮ್ಮನ್ನ ಇಬ್ರು ಅಂತ ತಿಳ್ಕೊಳ್ಳುತ್ತೆ, ಎರಡು ಬಣ್ಣ ಕೊಡುತ್ತೆ, ಲಾಗಿನ್ನೇ ಇಲ್ವಲ್ಲ, ಬ್ರೌಸರ್ ನೋಡಿ ಗುರುತು ಹಿಡಿಯೋದು. ಭಾವ ಈಗ ಮೂರು ಜನ ಆಗಿದಾರೆ.

ಹಾಂ, ಕಣ್ಣಿನ ಗುರುತಿನ ಒಂದು ಬಟನ್ ಇದೆ, ಎಲ್ಲರ ಬಣ್ಣ ಒರೆಸಿ ಹಾಕೋದು, ಅದು ನಿಮ್ಮ ಸ್ಕ್ರೀನಿಗೆ ಮಾತ್ರ ಅಲ್ಲ ಎಲ್ಲರ ಹಾಳೆಗೂ ಅನ್ವಯ. ಖಚಿತಾನಾ ಅಂತ ಕೇಳುತ್ತೆ, ಬೇಡ ಅನ್ನಿ. ಬಣ್ಣ ಕಣ್ಣಿಗೆ ಚುಚ್ತಾ ಇದ್ರೆ ಸೆಟ್ಟಿಂಗ್ಸಲ್ಲಿ ನಿಮ್ಮೊಬ್ಬರಿಗೇ ಬಣ್ಣ ಕಾಣದ ಹಾಗೆ ಮಾಡ್ಕೊಳ್ಳೋದು ಇದೆ, ಅದು ಮಾಡಿ.

ಗೂಗಲ್ ಡಾಕ್ಸೇ ಇತ್ತಲ್ಲ ಇದ್ಯಾಕೆ ಅಂತ ಅತ್ತೆ ಕೇಳೇ ಕೇಳ್ತಾರೆ. ನಿಜ, ಡಾಕ್ಸಲ್ಲಿ ಫೋಟೋ ಹಾಕ್ಬಹುದು, ಟೇಬಲ್ ಮಾಡ್ಬಹುದು, ಸಜೆಶನ್ ಅಂತ ಇದೆ, ನೀವು ತಿದ್ದಿದ್ದನ್ನ ಬರೆದೋರು ಒಪ್ಪಿದ್ಮೇಲೆ ಮಾತ್ರ ಸೇರೋದು, ಯಾರ ಕರ್ಸರ್, ಅಂದ್ರೆ ಬರೆಯೋ ಜಾಗ ತೋರ್ಸೋ ಗೆರೆ, ಎಲ್ಲಿದೆ ಅಂತ ಹೆಸ್ರು ಸಮೇತ ಕಾಣುತ್ತೆ. ಇಲ್ಲಿ ಅದ್ಯಾವ್ದೂ ಸುಮ್ನೆ ಸಿಗಲ್ಲ. ಕರ್ಸರ್ ಕಾಣದೇ ಇರೋದ್ರಿಂದ ನಾನೂ ತಂಗಿನೂ ಒಂದೇ ವಾಕ್ಯ ತಿದ್ದೋಕೆ ಹೋಗಿ "ಅಜ್ಜಿ ಅಜ್ಜಿ ಓದಿದ್ದರು ಓದಿದವರು" ಅಂತ ಆಗಿತ್ತು, ಆಮೇಲೆ ಕೆಳಗಿರೋ ಚಾಟಲ್ಲಿ ನೀನು ಮಾಡು ನೀನು ಮಾಡು ಅಂತ ಇಬ್ರೂ ಕೈ ಬಿಟ್ವಿ. ಫೋನಲ್ಲಿ ಬರೆಯೋದಂತೂ ಅಷ್ಟು ಹಿತ ಇಲ್ಲ, ಬಟನ್‌ಗಳು ಚಿಕ್ಕವು, ಹಾಳೆ ಅರ್ಧ ಕೀಬೋರ್ಡ್ ಕೆಳಗೆ ಹೋಗುತ್ತೆ. ಆದ್ರೂ ಮೊದಲ ಡ್ರಾಫ್ಟಿಗೆ ಇದೇ ಇರ್ಲಿ ಅಂತೀನಿ, ಯಾಕಂದ್ರೆ ಡಾಕ್ಸಲ್ಲಿ ಹೆಸ್ರು ಸಮೇತ ಬರೀಬೇಕು ಅಂದ್ರೆ ಲಾಗಿನ್ ಆಗ್ಬೇಕು, ನಮ್ಮನೇಲಿ ಪಾಸ್ವರ್ಡ್ ಮರ್ತೋರೇ ಜಾಸ್ತಿ, ಇದ್ರಲ್ಲಿ ಅತ್ತೆ ಲಿಂಕ್ ಒತ್ತಿ ಅರ್ಧ ಗಂಟೆಯೊಳಗೆ ಒಂದು ಪುಟ ಬರ್ದುಬಿಟ್ರು, ಈವರೆಗೆ ಆ ವರ್ಡ್ ಫೈಲಿಗೆ ಅವ್ರು ಒಂದು ಸಾಲೂ ಸೇರಿಸಿರ್ಲಿಲ್ಲ. ನನ್ನ ಪ್ರಕಾರ ಉಳಿದ ಕೊರತೆಗಳನ್ನೆಲ್ಲ ಇದೊಂದೇ ತೂಗಿಸುತ್ತೆ.

ಸರ್ವರ್ ವಿಷಯ ಹೇಳ್ತೀನಿ ಅಂದಿದ್ನಲ್ಲ. ಲಾಗಿನ್ ಇಲ್ಲ ಅಂದ್ರೆ ಬೀಗನೂ ಇಲ್ಲ ಅಂತ, ಲಿಂಕ್ ಯಾರ ಕೈಗೆ ಸಿಕ್ಕುತ್ತೋ ಅವ್ರು ಓದ್ಬಹುದು, ತಿದ್ದೂಬಹುದು. ಹುಟ್ಟಿದ ತಾರೀಖು, ಫೋನ್ ನಂಬರ್, ಅಡ್ರೆಸ್, ಜಮೀನಿನ ಸರ್ವೆ ನಂಬರ್ ಯಾವ್ದೂ ಅಲ್ಲಿ ಬೇಡ. ಹಳೇ ಕಥೆ, ಯಾರು ಏನು ಮಾಡ್ತಿದ್ರು, ಯಾರು ಯಾರ ಜೊತೆ ಎಲ್ಲಿಗೆ ಹೋದ್ರು, ಇಷ್ಟೇ ಇರ್ಲಿ. ಬೇರೆ ನೆಂಟರಿಗೆ ಓದೋಕೆ ಕೊಡ್ಬೇಕು ಅಂದ್ರೆ ಶೇರ್ ಬಟನಲ್ಲಿ ರೀಡ್ ಓನ್ಲಿ ಅಂತ ಟಿಕ್ ಮಾಡಿದ್ರೆ ಬೇರೆ ಲಿಂಕ್ ಕೊಡುತ್ತೆ, ಅದನ್ನ ಕಳ್ಸಿ, ಇದನ್ನ ಕಳ್ಸ್ಬೇಡಿ. ಆಮೇಲೆ ಯಾರೋ ಪುಣ್ಯಾತ್ಮರು ಉಚಿತವಾಗಿ ನಡೆಸ್ತಾ ಇರೋ ಸರ್ವರು, ಅವ್ರು ನಾಳೆ ನಿಲ್ಲಿಸಿದ್ರೆ ಕೇಳೋ ಹಾಗಿಲ್ಲ, ವಿಕಿಮೀಡಿಯಾದೋರೇ ತಮ್ಮ ಪ್ಯಾಡಲ್ಲಿ ಬರ್ದಿದ್ದು ಸದಾ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ ಅಂತ ಹೇಳಿಬಿಟ್ಟಿದಾರೆ. ಅದಕ್ಕೆ ವಾರಕ್ಕೊಂದು ಸಲ ಎಕ್ಸ್‌ಪೋರ್ಟ್ ಮಾಡಿ, ಅಂದ್ರೆ ಫೈಲಾಗಿ ಇಳಿಸ್ಕೊಂಡು, ಇಟ್ಕೊಳ್ಳೋ ಕೆಲ್ಸ ತಂಗಿಗೆ, ಅವ್ಳು ಆಗ್ಲೇ ಒಪ್ಕೊಂಡಿದಾಳೆ, ಗ್ರೂಪಲ್ಲಿ ಹೇಳ್ತಾ ಇರೋದು ಆಮೇಲೆ ಇಲ್ಲ ಅನ್ಬಾರ್ದು ಅಂತ. ಎಲ್ಲಾ ಸೇರಿ ಒಂದು ರೂಪಕ್ಕೆ ಬಂದ್ಮೇಲೆ ಡಾಕ್ಸಿಗೆ ಹಾಕಿ ಫೋಟೋ ಸೇರಿಸೋಣ.

ಚಿಕ್ಕಪ್ಪ, ನೀವು ತಾತನ ನೌಕರಿ ಭಾಗದಿಂದ ಶುರು ಮಾಡಿ, ಅಲ್ಲಿ ಇನ್ನೂ ಯಾರೂ ಕೈ ಹಾಕಿಲ್ಲ, ಎಡಗಡೆ ಸಾಲಿನ ನಂಬರ್ ಕಾಣುತ್ತೆ, 40ರಿಂದ ಕೆಳಗೆ ನಿಮಗೇ ಬಿಟ್ಟಿದೀವಿ. ಹಸಿರು ಮಾತ್ರ ಆರಿಸ್ಬೇಡಿ, ಅಣ್ಣಂದು. ಸಂಜೆ ನಾನೂ ಹಾಳೆಯಲ್ಲಿ ಇರ್ತೀನಿ, ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ಅಲ್ಲೇ ಚಾಟಲ್ಲಿ ಕರೀರಿ, ಗ್ರೂಪಲ್ಲಿ ಬರೆದ್ರೆ ಗುಡ್ ಮಾರ್ನಿಂಗ್ ಮೆಸೇಜ್‌ಗಳ ಮಧ್ಯೆ ನನ್ನ ಕಣ್ಣಿಗೆ ಬೀಳಲ್ಲ.