ಹೊಸ ಬಬಲ್ ಟಿಪ್ ಅನಿಮೊನಿ: ಬಾಯಿ ತೆರೆದೇ ಇದೆ, ಕಲ್ಲು ಹಿಡಿಯುತ್ತಿಲ್ಲ

ನೀಲಿತೊಟ್ಟಿ:
ಬೆಂಗಳೂರು. ಮೂರಡಿಯ ಉಪ್ಪುನೀರಿನ ತೊಟ್ಟಿ, ಕಲ್ಲು ಮರಳು ಕಳೆದು ನೀರು ಸುಮಾರು 100 ಲೀಟರ್. ಶುರುಮಾಡಿ ಏಳು ತಿಂಗಳು. ಎರಡು ಕ್ಲೌನ್ ಮೀನು, ನಾಲ್ಕು ಬಸವನಹುಳು ಇವೆ. ಐದು ದಿನದ ಹಿಂದೆ ಬಬಲ್ ಟಿಪ್ ಅನಿಮೊನಿ (ಕಲ್ಲಿಗೆ ಅಂಟಿ ಬದುಕುವ ಹೂವಿನಂಥ ಸಮುದ್ರಜೀವಿ, ಗ್ರಹಣಾಂಗದ ತುದಿ ಗುಳ್ಳೆಯ ಹಾಗಿರುತ್ತದೆ) ಬಿಟ್ಟೆ. ಮೊದಲ ದಿನ ಚೆನ್ನಾಗಿ ಅರಳಿತ್ತು. ಈಗ ಹಗಲೆಲ್ಲ ಮುದುಡಿರುತ್ತದೆ, ಬಾಯಿ ಮುಚ್ಚುತ್ತಿಲ್ಲ, ಎಲ್ಲಿಟ್ಟರೂ ಪಾದ ಅಂಟುತ್ತಿಲ್ಲ. ಬಾಯಿಂದ ಕಂದು ಲೋಳೆ ಎಳೆ ಎಳೆಯಾಗಿ ಬರುತ್ತಿದೆ.

ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 5, ಕೆಎಚ್ (ಕ್ಷಾರೀಯತೆ) 8, ತಾಪ 28.5 ಡಿಗ್ರಿ. ತೇಲುವ ಹೈಡ್ರೋಮೀಟರ್ (ಉಪ್ಪುನೀರಿನ ಸಾಂದ್ರತೆ ಅಳೆಯುವ ಕಡ್ಡಿ) 1.025 ತೋರಿಸುತ್ತಿದೆ. ಲೈಟು 100%, ದಿನಕ್ಕೆ 10 ಗಂಟೆ. ದಿನಾ ಒಂದು ಸಿಗಡಿ ಚೂರು ಕೊಡುತ್ತಿದ್ದೇನೆ, ಉಗುಳುತ್ತಿದೆ. ಏನು ಮಾಡಲಿ?

ಪಡುವಣತೀರ:
ಮೊದಲು ಸಿಗಡಿ ನಿಲ್ಲಿಸಿ. ಬಾಯಿ ತೆರೆದಿರುವ ಅನಿಮೊನಿಗೆ ಅರಗಿಸುವ ಶಕ್ತಿ ಇರುವುದಿಲ್ಲ. ಉಗುಳಿದ ಚೂರು ಕೊಳೆತು ನೀರನ್ನೂ ಕೆಡಿಸುತ್ತದೆ. ಕೈಯಿಂದ ಜಾಗ ಬದಲಿಸುವುದನ್ನೂ ಇವತ್ತೇ ಬಿಡಿ.

ಮುದುಡಿದ್ದಕ್ಕೆ ಅಷ್ಟು ಹೆದರಬೇಡಿ. ಒಳಗಿನ ಹಳೆ ನೀರು, ಕಸ ಹೊರಹಾಕಲು ಆರೋಗ್ಯವಂತ ಅನಿಮೊನಿಯೂ ಆಗಾಗ ಮುದುಡಿ ಮತ್ತೆ ಉಬ್ಬುತ್ತದೆ. ಕಂದು ಎಳೆಯೂ ಬಹಳ ಸಲ ತನ್ನ ಮೈಯೊಳಗಿಂದ ಅದು ಹೊರಹಾಕಿದ ಪಾಚಿಯೇ. ನೋಡಬೇಕಾದ್ದು ಬಾಯಿ ಮತ್ತು ಪಾದ. ಬಾಯಿ ಹೊಲಿಗೆ ಹಾಕಿದ ಹಾಗೆ ಸಣ್ಣ ಸೀಳಾಗಿರಬೇಕು, ಪಾದ ಬಿರುಕಿನೊಳಗೆ ಬಿಗಿಯಾಗಿ ಕೂತಿರಬೇಕು. ನಿಮ್ಮಲ್ಲಿ ಎರಡೂ ಇಲ್ಲ.

ಗ್ರಹಣಾಂಗ ಮುಟ್ಟಿದರೆ ಬೆರಳಿಗೆ ಅಂಟುತ್ತದೆಯೇ ನೋಡಿ. ಅಂಟಿದರೆ ಜೀವ ಇದೆ. ಅಂಟದೆ ಮೈ ಲೋಳೆಯಾಗಿ ಬಿಡಿಬಿಡಿಯಾಗುತ್ತಿದ್ದರೆ, ಕೊಳೆತ ನಾತ ಬರುತ್ತಿದ್ದರೆ ಆ ಕ್ಷಣವೇ ತೆಗೆಯಿರಿ. ನೂರು ಲೀಟರಿನಲ್ಲಿ ಒಂದು ಅನಿಮೊನಿ ಕೊಳೆತರೆ ರಾತ್ರಿ ಬೆಳಗಾಗುವುದರೊಳಗೆ ಅಮೋನಿಯಾ ಮೀನುಗಳನ್ನೂ ಕೊಲ್ಲುತ್ತದೆ.

ಮೂರು ಪ್ರಶ್ನೆ. ರಿಫ್ರ್ಯಾಕ್ಟೋಮೀಟರಿನಲ್ಲಿ (ಒಂದು ಹನಿ ನೀರಿನಲ್ಲಿ ಉಪ್ಪು ಅಳೆಯುವ ಉಪಕರಣ) ಲವಣಾಂಶ ಎಷ್ಟು (ಸಮುದ್ರದ ನೀರಿನ ಹಾಗೆ ಸಾವಿರ ಭಾಗಕ್ಕೆ ಸುಮಾರು 35 ಇರಬೇಕು)? ಟಾಪ್-ಅಪ್ ನೀರು, ಅಂದರೆ ಆವಿಯಾದಷ್ಟನ್ನು ತುಂಬುವ ನೀರು, ಯಾವುದು? ಬಸವನಹುಳುಗಳು ಹೇಗಿವೆ?

ರಿಫ್ರ್ಯಾಕ್ಟೋಮೀಟರನ್ನು ಬರೀ ಶುದ್ಧ ನೀರಿನಲ್ಲಿ ಸೊನ್ನೆಗೆ ಇಟ್ಟರೆ ಸಾಲದು, 35ರ ಹತ್ತಿರ ತಪ್ಪು ಹೇಳಬಹುದು. ಡಿಸ್ಟಿಲ್ಡ್ ನೀರು 96.35 ಗ್ರಾಂ, ಅಡುಗೆ ಉಪ್ಪು 3.65 ಗ್ರಾಂ ತೂಗಿ ಕರಗಿಸಿ. ಅದರ ಒಂದು ಹನಿಗೆ ಉಪಕರಣ 35 ತೋರಿಸಬೇಕು, ತೋರಿಸದಿದ್ದರೆ ಸ್ಕ್ರೂ ತಿರುಗಿಸಿ ಅಲ್ಲಿಗೆ ತನ್ನಿ. ಚಮಚದ ಅಳತೆ ಬೇಡ, ಚಿನ್ನ ತೂಗುವಂಥ ಸಣ್ಣ ತಕ್ಕಡಿ ಬೇಕು.

ನೀಲಿತೊಟ್ಟಿ:
ಬೆರಳಿಗೆ ಅಂಟಿತು. ನೀವು ಹೇಳಿದ ಹಾಗೆ ಸರಿಮಾಡಿ ನೋಡಿದರೆ ಲವಣಾಂಶ 30! ಟಾಪ್-ಅಪ್‌ಗೆ ಅಡುಗೆಮನೆಯ ಪ್ಯೂರಿಫೈಯರ್ ನೀರು, ಟಿಡಿಎಸ್ (ನೀರಿನಲ್ಲಿ ಕರಗಿರುವುದರ ಪ್ರಮಾಣ) 60. ಎರಡು ಬಸವನಹುಳು ಹತ್ತು ದಿನದಿಂದ ಮರಳ ಮೇಲೇ ಬಿದ್ದಿವೆ, ಗಾಜು ಹತ್ತುತ್ತಿಲ್ಲ.

ಅಲೆಗಾರ:
ಹುಳು ಬಿದ್ದದ್ದು ಅನಿಮೊನಿ ಬರುವ ಮೊದಲೇ ಅಂದಹಾಗಾಯಿತು. ಪ್ಯೂರಿಫೈಯರ್ ಮೇಲೆ ‘ಕಾಪರ್’ ಅಂತ ಬರೆದಿದೆಯೇ?

ನೀಲಿತೊಟ್ಟಿ:
ಹೌದು, ಕಾಪರ್ ಕಾರ್ಟ್ರಿಜ್ ಇರುವ ಮಾಡೆಲ್. ಹೋದ ತಿಂಗಳು ಹಾಕಿಸಿದ್ದು. ಮೀನು ಮಾತ್ರ ಚೆನ್ನಾಗಿವೆಯಲ್ಲ?

ಅಲೆಗಾರ:
ಮೀನಿನ ಬಿಳಿಚುಕ್ಕೆ ರೋಗಕ್ಕೆ ತಾಮ್ರವೇ ಔಷಧ, ಅವು ತಡೆದುಕೊಳ್ಳುತ್ತವೆ. ಬಸವನಹುಳು, ಸಿಗಡಿ, ಅನಿಮೊನಿಗೆ ಅದೇ ವಿಷ. ಲಕ್ಷಣ ನೋಡಿದರೆ ಇದೇ ಮೊದಲ ಕಾರಣ, ಉಪ್ಪು ಕಡಿಮೆ ಇರುವುದು ಎರಡನೆಯದು. ತಾಮ್ರದ ಟೆಸ್ಟ್ ಕಿಟ್ ಸೊನ್ನೆ ತೋರಿಸಿದರೂ ನಿಶ್ಚಿಂತೆ ಬೇಡ, ಅದರ ಮೊದಲ ಗುರುತಿಗಿಂತ ಕಡಿಮೆ ಇದ್ದರೂ ಇವಕ್ಕೆ ತೊಂದರೆಯೇ. ಟಿಡಿಎಸ್ ಮೀಟರ್ ಕರಗಿದ್ದು ಎಷ್ಟು ಅಂತ ಹೇಳುತ್ತದೆ, ಏನು ಅಂತ ಹೇಳುವುದಿಲ್ಲ. ಕುಡಿಯುವ ನೀರಿನ ಆರ್‌ಒಗಳಲ್ಲಿ ರುಚಿಗೆಂದು ಖನಿಜ ಸೇರಿಸುವುದೂ ಸಾಮಾನ್ಯ. ತೊಟ್ಟಿಗೆ ಬೇಕಾದ್ದು ಆರ್‌ಒ ಆದಮೇಲೆ ಡಿಐ ರಾಳದ (ಉಳಿದ ಖನಿಜವನ್ನೂ ಹಿಡಿದಿಡುವ ರಾಳ) ಮೂಲಕ ಬಂದ, ಟಿಡಿಎಸ್ 0 ಇರುವ ನೀರು. ಸದ್ಯಕ್ಕೆ ಡಿಸ್ಟಿಲ್ಡ್ ನೀರಿನ ಕ್ಯಾನ್ ತನ್ನಿ.

ಎರಡು ದಿನಕ್ಕೊಮ್ಮೆ 25 ಲೀಟರಿನಂತೆ ಮೂರು ಸಲ ನೀರು ಬದಲಿಸಿ. ಹೊಸ ನೀರಿನ ಲವಣಾಂಶ ಮೊದಲ ಸಲ 34, ಆಮೇಲೆ 35, ಕೊನೆಗೆ 36 ಇರಲಿ. ತೊಟ್ಟಿ 31, 32, 33 ಅಂತ ಸಲಕ್ಕೆ ಒಂದೊಂದೇ ಏರುತ್ತದೆ. ಒಂದೇ ದಿನ 35ಕ್ಕೆ ತಂದರೆ ಬದುಕಿರುವುದೂ ಹೋಗುತ್ತದೆ. ಸಮುದ್ರದ ಉಪ್ಪು ಲೀಟರಿಗೆ 36ರಿಂದ 38 ಗ್ರಾಂ ಹಾಕಿದರೆ ಸುಮಾರು 35 ಬರುತ್ತದೆ. ಒಂದೊಂದು ಕಂಪನಿಯದು ಒಂದೊಂದು ಥರ, ಅದಕ್ಕೇ ರಾತ್ರಿಯಿಡೀ ಪಂಪ್ ಹಾಕಿ ಕಲಕಿ, ಅಳೆದು, ಆಮೇಲೆ ಸುರಿಯಿರಿ. 33ರಿಂದ 35ಕ್ಕೆ ಉಳಿದ ಎರಡು ಅಂಶಕ್ಕೆ ನೀರು ಬದಲಿಸುವುದು ಬೇಡ, ಆವಿಯಾದ ಜಾಗಕ್ಕೆ ದಿನಾ ಒಂದೂವರೆ ಲೀಟರ್ 35ರ ಉಪ್ಪುನೀರನ್ನೇ ಹಾಕಿ. ದಿನಕ್ಕೆ ಅರ್ಧ ಅಂಶ ಏರುತ್ತದೆ, ನಾಲ್ಕು ದಿನದ ಕೆಲಸ. 35 ಮುಟ್ಟಿದ ದಿನದಿಂದ ಬರೀ ಶುದ್ಧ ನೀರು.

ಮೂರು ಬದಲಾವಣೆಯಾದರೂ ನೀರಿನಲ್ಲಿ ಮೊದಲಿದ್ದ ತಾಮ್ರದ 42% ಉಳಿದಿರುತ್ತದೆ. ಕಲ್ಲು, ಮರಳು ಹೀರಿಕೊಂಡದ್ದು ನಿಧಾನಕ್ಕೆ ಬಿಡುವುದು ಬೇರೆ. ಆದ್ದರಿಂದ ತಾಮ್ರ ಹಿಡಿಯುವ ರಾಳವನ್ನೇ ಫಿಲ್ಟರಿನಲ್ಲಿ ಹಾಕಿ. ಬರೀ ಇದ್ದಿಲು ಸಾಲದು.

ಪಡುವಣತೀರ:
ಲೈಟನ್ನು 40%ಗೆ ಇಳಿಸಿ, 8 ಗಂಟೆ ಸಾಕು. ಬಾಯಿ ಮುಚ್ಚಿದ ಮೇಲೆ ವಾರಕ್ಕೆ 10% ಏರಿಸಿ. ತಾಪ 26ಕ್ಕೆ ಬರಲಿ. ನೀರಿನ ಮೇಲೆ ಫ್ಯಾನ್ ಇಟ್ಟರೆ ಎರಡು ಡಿಗ್ರಿ ಇಳಿಯುತ್ತದೆ, ಆದರೆ ಆವಿ ಹೆಚ್ಚುವುದರಿಂದ ಟಾಪ್-ಅಪ್ ಲೆಕ್ಕವನ್ನು ದಿನಾ ನೋಡಿ.

ಕ್ಲೌನ್ ಮೀನು ಮೇಲೆ ಬಿದ್ದು ಉಜ್ಜುತ್ತಿದ್ದರೆ ತೂತಿರುವ ಪ್ಲಾಸ್ಟಿಕ್ ಬುಟ್ಟಿ ಕವುಚಿ, ಪಾದ ಹೂಳುವಷ್ಟು ಬಿರುಕಿರುವ ಕಲ್ಲೊಂದನ್ನು ಒಳಗಿಡಿ. ಎಲ್ಲಕ್ಕಿಂತ ಮುಖ್ಯ, ಪಂಪಿನ ಬಾಯಿಗೆ ಇವತ್ತೇ ಸ್ಪಂಜು ಕಟ್ಟಿ. ಪಾದ ಹಿಡಿಯದ ಅನಿಮೊನಿ ರಾತ್ರಿ ಹೊತ್ತು ತೇಲಿ ನೇರ ಅಲ್ಲಿಗೇ ಹೋಗುತ್ತದೆ. ಸಿಕ್ಕಿಕೊಂಡರೆ ಪಂಪ್ ನಿಲ್ಲಿಸಿ ಅದೇ ಬಿಡಿಸಿಕೊಳ್ಳುವವರೆಗೆ ಕಾಯಿರಿ, ಎಳೆಯಬೇಡಿ.

ನೀಲಿತೊಟ್ಟಿ:
ಹನ್ನೆರಡನೇ ದಿನ. ಲವಣಾಂಶ 35, ತಾಪ 26.2. ಪಾದ ಬಿರುಕಿನೊಳಗೆ ಇಳಿದಿದೆ, ಬಾಯಿ ಮುಚ್ಚಿದೆ. ಬಿದ್ದಿದ್ದ ಹುಳುಗಳಲ್ಲಿ ಒಂದು ಸತ್ತಿತು, ಇನ್ನೊಂದು ಗಾಜು ಹತ್ತಿದೆ. ಅನಿಮೊನಿಯ ತುದಿಯಲ್ಲಿ ಗುಳ್ಳೆ ಮಾತ್ರ ಇಲ್ಲ, ಉದ್ದ ಬೆರಳಿನ ಹಾಗಿದೆ. ಊಟ ಕೊಡಬಹುದೇ?

ಪಡುವಣತೀರ:
ಇನ್ನೊಂದು ವಾರ ತಡೆಯಿರಿ. ಆಮೇಲೆ ಉಪ್ಪು ಮಸಾಲೆ ಸೋಕದ ಹಸಿ ಸಿಗಡಿ, ಕಡಲೆಬೇಳೆ ಗಾತ್ರದ ಚೂರು, ವಾರಕ್ಕೆ ಒಂದು. ಗುಳ್ಳೆ ಬಂದರೂ ಸರಿ, ಬಾರದಿದ್ದರೂ ಸರಿ, ಅದಕ್ಕಾಗಿ ಲೈಟು ಏರಿಸಬೇಡಿ. ಸ್ಪಂಜು ಅಲ್ಲೇ ಇರಲಿ, ಮೂರು ದಿನಕ್ಕೊಮ್ಮೆ ತೊಳೆಯಿರಿ.